ಕೊಲಂಬೊದಿಂದ ಎರಡು ಹರವಿ ಮೀನು

ಯಾದಗಿರಿ

ಕೊಲಂಬೊಗೆ ಹೋಗಿ ಬಂದವರೆಲ್ಲ ಬುದ್ಧನ ಗುಡಿ, ಚಹದ ತೋಟ, ಆನೆಗಳ ವಿಷಯ ಹೇಳುತ್ತಾರೆ. ನಾನು ಅವುಗಳಲ್ಲಿ ಯಾವುದನ್ನೂ ನೋಡಲಿಲ್ಲ. ನಾನು ನೋಡಿದ್ದು ಮೀನಂಗಡಿ. ಅದಕ್ಕೆಂದೇ ಹೋಗಿದ್ದೆ, ಅದನ್ನೇ ನೋಡಿ ಬಂದೆ. ಇವತ್ತು ಜೀವಂತ ಮೀನು ಮಾರುವ ಯಾವ ಅಂಗಡಿಯ ಮುಂದೆ ನನ್ನನ್ನು ನಿಲ್ಲಿಸಿದರೂ ಅದು ಎಂಥ ಅಂಗಡಿ ಎಂದು ಹೊಸ್ತಿಲ ಹೊರಗಿನಿಂದಲೇ ಹೇಳುತ್ತೇನೆ. ಇದನ್ನು ಜಂಬ ಅನ್ನುವವರು ಅನ್ನಲಿ.

ನಿಜಾಮರ ಆಳಿಕೆಯ ಕೊನೆಗಾಲ ಅದು. ದೊಡ್ಡ ಯುದ್ಧ ಇನ್ನೂ ಶುರುವಾಗಿರಲಿಲ್ಲ. ನಾನು ಯಾದಗಿರಿ ಪೇಟೆಯಲ್ಲಿ ಗಟಾರದ ಪಕ್ಕದ ಬೇವಿನ ಮರದ ಕೆಳಗೆ ಬುಟ್ಟಿ ಇಟ್ಟುಕೊಂಡು ಭೀಮಾ ಹೊಳೆಯ ಮೀನು ಮಾರುತ್ತಿದ್ದೆ. ಬಲೆ ಹಾಕುವುದು ನಮ್ಮವರ ಕೆಲಸ. ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ, ಆದ್ದರಿಂದ ಇಲ್ಲಿಯೂ ಅವರು ಬರೀ ‘ನಮ್ಮವರು’. ಚಿಕ್ಕವಳಿದ್ದಾಗ ಪಾದ್ರಿಗಳ ಶಾಲೆಯಲ್ಲಿ ನಾಲ್ಕು ಅಕ್ಷರ ಕಲಿತಿದ್ದೆ, ಅದಕ್ಕೇ ಇದನ್ನು ಬರೆಯಲು ಬಂತು.

ನನಗೆ ಒಂದೇ ಆಸೆ ಇತ್ತು, ಬಾಗಿಲಿರುವ ಒಂದು ಅಂಗಡಿ. ಸ್ಟೇಷನ್ ರಸ್ತೆಯಲ್ಲಿ ವಕೀಲ ಗುಂಡೇರಾಯರ ಮಳಿಗೆಗಳ ಸಾಲಿತ್ತು. ಮೂಲೆಯ ಮಳಿಗೆ ಬಹಳ ದಿನದಿಂದ ಖಾಲಿ ಬಿದ್ದಿತ್ತು. ಕೇಳಿದಾಗಲೆಲ್ಲ ರಾಯರು ಇಲ್ಲ ಅಂದರು. ಪಕ್ಕದ ಅರಿವೆ ಅಂಗಡಿಯವನು ಮೀನು ಬಂದರೆ ತಾನು ಹೋಗುತ್ತೇನೆ ಎಂದು ಹೆದರಿಸಿದ್ದನಂತೆ. ಅವನ ಅರಿವೆಗೆ ವಾಸನೆ ಹತ್ತುತ್ತದೆ ಎಂಬ ಚಿಂತೆ ಅವನಿಗೆ.

ರಾಯರ ಮನೆ ಶಹಾಪುರದಲ್ಲಿ. ಅವರು ಹೈದರಾಬಾದಿನಲ್ಲಿ ಒಬ್ಬ ನವಾಬರ ದಿವಾನಖಾನೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಬಣ್ಣದ ಮೀನು ಆಡುವುದನ್ನು ನೋಡಿ ಮರುಳಾಗಿಬಿಟ್ಟಿದ್ದರು. ಮೀನು ಮುಟ್ಟದ ಮನೆತನ, ಆದರೂ ಮನೆಯಲ್ಲಿ ಅಂಥದೇ ಪೆಟ್ಟಿಗೆ ಮಾಡಿಸಿದರು. ಮದ್ರಾಸಿನಿಂದ ಪಾರ್ಸಲ್ಲಿನಲ್ಲಿ ಮೀನು ತರಿಸಿದರು. ಎಲ್ಲವೂ ಸತ್ತೇ ಬಂದವು. ಆಮೇಲೆ ನನಗೆ ಹೇಳಿಕಳಿಸಿದರು.

“ಭೀಮವ್ವ, ಸತ್ತ ಮೀನಿನ ವ್ಯಾಪಾರಕ್ಕ ನಾ ಮಳಿಗಿ ಕೊಡಂಗಿಲ್ಲ,” ಅಂದರು. “ಕೊಲಂಬೋದಾಗ ಬಣ್ಣದ ಮೀನಿನ ಅಂಗಡಿ ಅದಾವಂತ. ಹೋಗಿ ಬರೋ ಖರ್ಚ ನಂದು. ಜೀವಂತ ತಂದಿ ಅಂದ್ರ ಮೂಲಿ ಮಳಿಗಿ ನಿನಗ. ಸತ್ತವು ತಂದಿ ಅಂದ್ರ ಮತ್ತ ಆ ಮಾತ ಎತ್ತಬ್ಯಾಡ.”

ನಾನು ಹೂಂ ಅಂದುಬಿಟ್ಟೆ. ಕೊಲಂಬೊ ಯಾವ ದಿಕ್ಕಿಗಿದೆ ಎಂದು ಆಮೇಲೆ ಕೇಳಿದೆ.

ಹೊರಗೆ ಬಂದ ಮೇಲೆ ನಮ್ಮವರು ತಲೆಯ ಮೇಲೆ ಕೈ ಹೊತ್ತು ಕಟ್ಟೆಯ ಮೇಲೆ ಕುಳಿತರು. ನನಗಿದ್ದ ಧೈರ್ಯ ಅವರ ಮೇಲಿನದೇ. ಅವರದು ಕಕ್ಕೇರಾ. ಕೃಷ್ಣೆಯಿಂದ ಮೀನಿನ ಮರಿ ಹಿಡಿದು ಸುರಪುರದ ಕಡೆಯ ಕೆರೆಗಳಿಗೆ ಬಿಟ್ಟು ಬರುವುದು ಅವರ ಮನೆಯ ಕೆಲಸ. ಬಂಡಿಯಲ್ಲಿ ಬಾಯಗಲದ ಮಣ್ಣಿನ ಹರವಿ ಇಟ್ಟು, ಪಕ್ಕದಲ್ಲಿ ಒಬ್ಬರು ಕುಳಿತು, ತಂಬಿಗೆಯಲ್ಲಿ ನೀರು ಮೊಗೆದು ಎತ್ತರದಿಂದ ಅದೇ ಹರವಿಗೆ ಸುರಿಯುತ್ತ ಹೋಗುತ್ತಾರೆ. ನೀರಿಗೆ ಗಾಳಿ ಕೂಡಿದರೆ ಮರಿಗಳು ಉಳಿಯುತ್ತವೆ. ಸುರಪುರದ ಪಕ್ಕದ ರಂಗಂಪೇಟೆಯವರೆಗೆ ಬಂಡಿಯಲ್ಲಿ ಆಗುವುದು ಕೊಲಂಬೊದಿಂದ ಹಡಗಿನಲ್ಲಿ, ರೈಲಿನಲ್ಲಿ ಯಾಕಾಗಬಾರದು ಎಂಬುದು ನನ್ನ ವಾದ. ಎರಡು ಹರವಿ, ಎರಡು ತಂಬಿಗೆ, ಒಂದು ಗಂಟು ಒಣಗಿದ ಕಟಕ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡು ಹೊರಟೆವು.

ಮಂಡಪಂ

ಮದ್ರಾಸು ದಾಟಿ ಕೆಳಗೆ ಇಳಿದಂತೆ ನೆಲ ಬಿಳಿಯಾಗುತ್ತ ಹೋಯಿತು. ನಮ್ಮ ಎರೆಮಣ್ಣು ನೋಡಿದ ಕಣ್ಣಿಗೆ ಅದು ಯಾರೋ ಸುಣ್ಣ ಚೆಲ್ಲಿದಂತೆ ಕಂಡಿತು. ಮಂಡಪಂನಲ್ಲಿ ಇಳಿಸಿ, ಸಿಲೋನಿಗೆ ಹೋಗುವ ಬಡವರನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಮೈಯಲ್ಲಿ ಜ್ವರ, ರೋಗ ಇಲ್ಲವೆಂದು ಖಾತ್ರಿಯಾಗುವವರೆಗೆ ಅಲ್ಲೇ ಇರಬೇಕು. ನಮ್ಮನ್ನು ಚಹದ ತೋಟದ ಕೂಲಿಗೆ ಹೊರಟವರ ಜೊತೆ ಸೇರಿಸಿಬಿಟ್ಟರು. ಒಬ್ಬ ಮೇಸ್ತ್ರಿ ಬಂದು ನನ್ನ ಅಂಗೈ ತಿರುಗಿಸಿ ನೋಡಿ, ಗಟ್ಟಿ ಕೈ ಎಂದು ಮೆಚ್ಚಿ, ತನ್ನ ತಂಡದ ಹಿಂದೆ ನಿಲ್ಲು ಎಂದು ಸನ್ನೆ ಮಾಡಿದ. ಕೈ ಕಿತ್ತುಕೊಂಡು ನನಗೆ ಬಂದ ತೆಲುಗಿನಲ್ಲಿ ನಾನು ಮೀನು ಕೊಳ್ಳಲು ಹೊರಟವಳು ಎಂದೆ.

ಅದು ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ಹಬ್ಬಿತು. ಮೂರೂ ಕಡೆ ಸಮುದ್ರ, ದಂಡೆಯ ಮೇಲೆ ರಾಶಿ ರಾಶಿ ಮೀನು, ಈ ಹೆಂಗಸು ಮೀನಿಗಾಗಿ ಸಮುದ್ರ ದಾಟುತ್ತಾಳಂತೆ ಎಂದು ಜನ ನಮ್ಮ ಖಾಲಿ ಹರವಿಗಳನ್ನು ನೋಡಲು ಬಂದರು. ಎಷ್ಟು ದೊಡ್ಡ ಮೀನು ಎಂದು ಒಬ್ಬಳು ಮುದುಕಿ ಕೇಳಿದಳು. ನಾನು ಕಿರುಬೆರಳು ತೋರಿಸಿದೆ. ತಿನ್ನಲಿಕ್ಕಲ್ಲ, ನೋಡಲಿಕ್ಕೆ ಎಂದೂ ಹೇಳಿದೆ. ಆಕೆ ನಮ್ಮವರ ಕಡೆ ತಿರುಗಿ ಮರುಕದಿಂದ ತಲೆ ಅಲ್ಲಾಡಿಸಿದಳು. ಅವರು ಉತ್ತರಕ್ಕೆ ಒಂದು ನಿಟ್ಟುಸಿರು ಬಿಟ್ಟರು. ಅದಕ್ಕಾಗಿ ಅವರ ಜೊತೆ ಹಡಗು ಹತ್ತುವವರೆಗೆ ನಾನು ಮಾತಾಡಲಿಲ್ಲ.

ಕೊಲಂಬೊ, ಮೊದಲ ಅಂಗಡಿ

ಕೊಲಂಬೊದಲ್ಲಿ ಮೊದಲು ನನ್ನ ಕಣ್ಣು ಕುಕ್ಕಿದ್ದು ಗಂಡಸರ ತಲೆ. ವಯಸ್ಸಾದ ಗಂಡಸರು ಕೂದಲು ಬಿಟ್ಟು, ತುರುಬು ಕಟ್ಟಿ, ನೆತ್ತಿಯ ಮೇಲೆ ಬಾಗಿದ ಹಣಿಗೆ, ಅಂದರೆ ಬಾಚಣಿಗೆ, ಸಿಕ್ಕಿಸಿಕೊಳ್ಳುತ್ತಾರೆ. ಹಾಗೆಯೇ ಆಫೀಸಿಗೂ ಹೋಗುತ್ತಾರೆ. ನಮ್ಮವರು ತಮ್ಮ ರುಮಾಲು ಬಿಗಿಮಾಡಿಕೊಂಡರು. ಅಲ್ಲಿ ಬಿಸಿಲಿದ್ದರೂ ಬೆವರು ಆರುವುದಿಲ್ಲ. ಪಲ್ಯ, ಸಾರು, ಚಟ್ನಿ ಎಲ್ಲದರಲ್ಲೂ ತೆಂಗು, ಎಲ್ಲದರ ಮೇಲೂ ಒಣಮೀನಿನ ಪುಡಿ. ಮೀನು ಮಾರುವ ನನಗೇ ಸಾಕಾಗಿ ಕಟಕ ರೊಟ್ಟಿಯ ಗಂಟು ಬಿಚ್ಚಿದೆ.

ನಾವು ಇಳಿದುಕೊಂಡ ಖಾನಾವಳಿಯ ಅಡುಗೆಯವನು ಸುಬ್ಬಯ್ಯ, ನೆಲ್ಲೂರಿನವನು. ಗುರುಮಿಠಕಲ್ಲಿನ ವ್ಯಾಪಾರಿಗಳಿಂದ ನಾನು ಕಲಿತ ತೆಲುಗಿಗೆ ಅವನು ನಗುತ್ತಿದ್ದರೂ ಅರ್ಥ ಮಾಡಿಕೊಳ್ಳುತ್ತಿದ್ದ. ಬಣ್ಣದ ಮೀನಿನ ಅಂಗಡಿಗಳು ಒಂದು ಬೀದಿಯಲ್ಲಿ ನಾಲ್ಕೈದು ಇವೆ, ಕೆಲಸ ಮುಗಿದ ಮೇಲೆ ಕರೆದುಕೊಂಡು ಹೋಗುತ್ತೇನೆ ಎಂದ. ನನಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ನಮ್ಮವರನ್ನು ಎಳೆದುಕೊಂಡು ಹೊರಟೆ.

ಬೀದಿಯ ಮೊದಲ ಅಂಗಡಿಯವನು ಬೊಂಬಾಯಿ ಹಡಗಿನವರ ಜೊತೆ ವ್ಯವಹಾರ ಮಾಡಿ ಹಿಂದುಸ್ತಾನಿ ಕಲಿತಿದ್ದ. ಪರದೇಶದಲ್ಲಿ ತಿಳಿಯುವ ಮಾತು ಕೇಳಿದರೆ ಅರ್ಧ ನಂಬಿಕೆ ಅಲ್ಲೇ ಹುಟ್ಟಿಬಿಡುತ್ತದೆ. ಒಳಗೆ ಗಾಜಿನ ತೊಟ್ಟಿಗಳ ತುಂಬ ಕೆಂಪು, ಹಳದಿ, ಪಟ್ಟೆಪಟ್ಟೆಯ ಮೀನು. ಎಲ್ಲವೂ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು.

ಇಲ್ಲಿ ನಮ್ಮ ಪೇಟೆಯ ಒಂದು ಸಂಗತಿ ಹೇಳಬೇಕು. ನಮ್ಮಲ್ಲಿ ಹರವಿಯಲ್ಲಿ ಜೀವಂತ ಇಟ್ಟು ಮಾರುವುದು ಮರಲ್ ಮೀನು ಮಾತ್ರ. ಹಾವಿನ ತಲೆಯ, ಕರಿ ಮೈಯ ಮೀನು ಅದು. ಆಗಾಗ ಮೇಲೆ ಬಂದು ಗಾಳಿ ನುಂಗಿ ಕೆಳಗಿಳಿಯುವುದು ಅದರ ಹುಟ್ಟುಗುಣ. ಜಾಣ ಹೆಂಗಸರು ಹರವಿಯ ಮೇಲೆ ಬಗ್ಗಿ, ಯಾವುದು ಹೆಚ್ಚು ಸಲ ಮೇಲೆ ಬರುತ್ತದೋ ಅದನ್ನೇ ಕೈ ಮಾಡಿ ತೋರಿಸುತ್ತಾರೆ. ನಾನೂ ಹುಟ್ಟಿದಾಗಿನಿಂದ ಜೀವಂತ ಮೀನನ್ನು ಅಳೆದದ್ದು ಹಾಗೆಯೇ. ಎಲ್ಲ ಮೀನೂ ಮೇಲೆ ಬಂದು ಬಾಯಿ ಬಿಡುವ ಅಂಗಡಿ ಕಂಡಾಗ ನನ್ನ ಎದೆ ಹಿಗ್ಗಿತು. ಎದುರಿನ ಒಂದು ಅಂಗಡಿಯಲ್ಲಿ ಮೀನು ನೀರಿನ ನಡುವೆ ಸುಮ್ಮನೆ ನಿಂತಿದ್ದವು. ಅವುಗಳಲ್ಲಿ ಜೀವವೇ ಇಲ್ಲ ಎಂದು ಅತ್ತ ತಲೆ ಹಾಕಲಿಲ್ಲ.

ನಮ್ಮವರು ಮೂಗು ಮುರಿದರು. “ಇವು ಉಸಿರ ಸಿಗಲಾರ್ದ ಮ್ಯಾಲ ಬಂದಾವ. ಮರಿ ಹಿಂಗ ಬಾಯಿ ಬಿಟ್ರ ನಾವು ಬಂಡಿ ನಿಲ್ಲಸ್ತೀವಿ. ಬ್ಯಾಡ,” ಅಂದರು.

“ಪೇಟಿಯಾಗ ಕುಂತು ಮಾರಾಕಿ ನಾನೋ, ನೀವೋ?” ಅಂದೆ. ಅಲ್ಲಿಗೆ ಮಾತು ಮುಗಿಯಿತು.

ಒಂದು ಹರವಿ ತುಂಬ ಕೊಂಡೆ. ಸಂಜೆಯ ಹೊತ್ತಿಗೆ ಅರ್ಧ ಮೀನು ಹೊಟ್ಟೆ ಮೇಲೆ ಮಾಡಿ ತೇಲಿದವು. ಬೆಳಿಗ್ಗೆ ಒಂದೂ ಉಳಿಯಲಿಲ್ಲ. ನಾನು ಖಾನಾವಳಿಯ ಹಿತ್ತಲಲ್ಲಿ ಕುಳಿತು ಅತ್ತೆ. ಮೂಲೆಯ ಮಳಿಗೆ ನನ್ನ ಕಣ್ಣೆದುರೇ ಮುಚ್ಚಿಕೊಂಡಂತೆ ಆಗಿತ್ತು. ನಮ್ಮವರು ‘ನಾ ಹೇಳಿದ್ದೆ’ ಎಂದು ಒಂದು ಮಾತೂ ಆಡಲಿಲ್ಲ. ಅದರಿಂದ ನನಗೆ ಇನ್ನೂ ಸಿಟ್ಟು ಬಂತು.

ಅದೇ ಬೀದಿ, ಮುದಲಾಳಿಯ ಅಂಗಡಿ

ಜಗಳಕ್ಕೆಂದು ಮತ್ತೆ ಅದೇ ಅಂಗಡಿಗೆ ಹೋದೆ. ಅವನು ನನ್ನ ಜೊತೆ ನಗುನಗುತ್ತಲೇ ಮಾತಾಡುತ್ತ, ತೊಟ್ಟಿಯಲ್ಲಿ ತೇಲುತ್ತಿದ್ದ ಎರಡು ಸತ್ತ ಮೀನನ್ನು ಬಲೆಯಿಂದ ಎತ್ತಿ ಹೊರಗೆ ಎಸೆದ. ಅದೇ ಬಲೆಯನ್ನು ಪಕ್ಕದ ತೊಟ್ಟಿಗೆ ಅದ್ದಿ ಬೇರೆಯವರಿಗೆ ಮೀನು ಹಿಡಿದುಕೊಟ್ಟ. ನಾನು ಬಾಯಿ ಮುಚ್ಚಿಕೊಂಡು ನಿಂತು ಅವನ ಕೈಯನ್ನೇ ನೋಡಿದೆ. ಜಗಳ ಮಾಡುವುದಕ್ಕಿಂತ ಅದರಿಂದಲೇ ಹೆಚ್ಚು ಸಿಕ್ಕಿತು.

ಕೈಯಲ್ಲಿ ಇನ್ನೊಂದೇ ಸಲ ಕೊಳ್ಳುವಷ್ಟು ಹಣ ಉಳಿದಿತ್ತು. ಆ ದಿನ ಸುಬ್ಬಯ್ಯನನ್ನು ಜೊತೆಗಿಟ್ಟುಕೊಂಡು ಬೀದಿಯ ಎಲ್ಲ ಅಂಗಡಿಗಳ ಮುಂದೆಯೂ ಕುಳಿತು ನೋಡಿದೆ. ಒಂದು ಅಂಗಡಿಯಲ್ಲಿ ತೊಟ್ಟಿಯೊಳಗೆ ಬಣ್ಣದ ಕೋಟೆ, ಚಿಪ್ಪು, ಬೊಂಬೆ ಎಲ್ಲ ಇದ್ದವು, ನೀರು ಮಾತ್ರ ಕಲಗಚ್ಚಿನಂತಿತ್ತು. ಇನ್ನೊಂದರಲ್ಲಿ ಗಿರಾಕಿ ಬಂದಾಗಲೆಲ್ಲ ಒಂದು ಚಿಟಿಕೆ ತಿಂಡಿ ಉದುರಿಸಿ ಮೀನನ್ನು ಕುಣಿಸುತ್ತಿದ್ದರು. ಹಸಿದ ಮೀನು ಯಾರೆದುರಿಗಾದರೂ ಕುಣಿಯುತ್ತದೆ. ಇನ್ನೊಬ್ಬನು ಯಾವ ಮೀನು ಕೇಳಿದರೂ ಗಟ್ಟಿ ಮೀನು, ಕಲ್ಲಿನಂಥ ಮೀನು ಎಂದ. ಎಲ್ಲವನ್ನೂ ಹೊಗಳುವವನಿಗೆ ತನ್ನ ಸರಕು ಗೊತ್ತಿಲ್ಲ ಎಂದು ಎದ್ದು ಬಂದೆ.

ಉಳಿದದ್ದು ನಾನು ಮೊದಲ ದಿನ ತಲೆ ಹಾಕದ ಎದುರಿನ ಅಂಗಡಿ. ಅಲ್ಲಿ ಅಂಗಡಿ ಯಜಮಾನರನ್ನು ಮುದಲಾಳಿ ಅನ್ನುತ್ತಾರೆ. ಈ ಮುದಲಾಳಿ ಹಣಿಗೆ ಸಿಕ್ಕಿಸಿಕೊಂಡ ಮುದುಕ, ಯಾರನ್ನೂ ಬನ್ನಿ ಎಂದು ಕರೆಯದ ಸಿಡುಕ. ಬಾಗಿಲಲ್ಲಿ ನಿಂತು ಉಸಿರೆಳೆದೆ. ಮೀನಿನ ವಾಸನೆಯೇ ಇಲ್ಲ. ಮಳೆ ಬಿದ್ದ ಮರುದಿನ ನಮ್ಮ ಬಾವಿಯೊಳಗೆ ಇಣುಕಿದರೆ ಬರುತ್ತದಲ್ಲ, ಅಂಥ ವಾಸನೆ. ಪ್ರತಿ ತೊಟ್ಟಿಗೂ ಅದರದೇ ಬಲೆ ನೇತಾಡುತ್ತಿತ್ತು. ಹಿಂಬದಿಗೆ ಕಪ್ಪು ಬಟ್ಟೆ, ಒಳಗೆ ಮೀನು ಅವಿತುಕೊಳ್ಳಲು ಒಡೆದ ಮಡಕೆಯ ಚೂರು.

ಆ ಮಡಕೆಯ ಮರೆಯಿಂದ ಒಂದು ಮೀನು ಹೊರಗೆ ಬಂತು. ಹಿಂದಿನ ಅರ್ಧ ಮೈ ಮಸಿ ಕಪ್ಪು, ಮುಂದಿನ ಅರ್ಧ ಮೈ ಕೆಂಪು. ಅಲ್ಲಿಯವರು ಅದನ್ನು ಬುಲತ್ ಹಪಯಾ ಅನ್ನುತ್ತಾರೆ, ಎಲೆ ಅಡಿಕೆ ಹಾಕುವವನು ಎಂದು ಅರ್ಥ. ನನಗೆ ನಗು ತಡೆಯಲಿಲ್ಲ. ನಮ್ಮ ಅತ್ತೆ ತಾಂಬೂಲ ಹಾಕಿ ಗಲ್ಲದವರೆಗೆ ಇಳಿಸಿಕೊಂಡು ಕಟ್ಟೆಯ ಮೇಲೆ ಕುಳಿತಾಗ ಥೇಟ್ ಹೀಗೇ ಕಾಣುತ್ತಾರೆ. ಕೊಂಡರೆ ಇದನ್ನೇ ಎಂದು ನಿಂತಲ್ಲೇ ತೀರ್ಮಾನಿಸಿದೆ.

ಮುದಲಾಳಿ ಮಾತ್ರ ಕೊಡಲು ಒಪ್ಪಲಿಲ್ಲ. ಎಲ್ಲಿಗೆ ಒಯ್ಯುತ್ತೀರಿ, ಯಾವುದರಲ್ಲಿ, ಅಲ್ಲಿಯ ನೀರು ಬಾವಿಯದೋ ಹೊಳೆಯದೋ ಎಂದು ಸುಬ್ಬಯ್ಯನ ಬಾಯಿಂದ ಒಂದೊಂದಾಗಿ ಕೇಳಿಸಿದರು. ಹಾದಿಯ ದೂರ ಕೇಳಿದ ಮೇಲೆ ಎದ್ದು ಬೆನ್ನು ತಿರುಗಿಸಿ ತೊಟ್ಟಿ ತೊಳೆಯತೊಡಗಿದರು. ಸುಬ್ಬಯ್ಯ ಹೊರಡೋಣ ಎಂದ. ನನಗೆ ಮಾತ್ರ ಈ ಮುದುಕರ ಹಟ ನೋಡಿ ಸಂತೋಷವೇ ಆಯಿತು. ಸರಕು ಕೈಬಿಡಲು ಇಷ್ಟು ಕಷ್ಟಪಡುವ ಅಂಗಡಿಕಾರರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ನಮ್ಮವರು ಆಗ ಒಂದು ಕೆಲಸ ಮಾಡಿದರು. ಯಾರನ್ನೂ ಕೇಳದೆ ಹರವಿಯನ್ನು ಅಂಗಡಿಯ ನಡುವೆ ಇಟ್ಟು, ನೀರು ತುಂಬಿ, ತಂಬಿಗೆ ಎತ್ತಿ ಸುರಿಯತೊಡಗಿದರು. ನೊರೆ ಏಳದ ಹಾಗೆ, ಹರವಿಯ ಗೋಡೆಗೆ ತಾಗದ ಹಾಗೆ, ಒಂದೇ ಎತ್ತರದಿಂದ. ಮುದಲಾಳಿ ತೊಳೆಯುವುದನ್ನು ಬಿಟ್ಟು ನೋಡಿದರು. ಬಹಳ ಹೊತ್ತಿನ ಮೇಲೆ ಮೂರು ಮೀನು ಹಿಡಿದು ಹರವಿಗೆ ಬಿಟ್ಟು, ಕುಳಿತು ಇವನ್ನು ಉಳಿಸಿ ತೋರಿಸಿ ಎಂದರು.

ಬಿಟ್ಟ ಗಳಿಗೆಯಲ್ಲೇ ಮೀನುಗಳ ಬಣ್ಣ ಇಳಿದುಹೋಯಿತು. ಕೆಂಪೂ ಇಲ್ಲ, ಕಪ್ಪೂ ಇಲ್ಲ, ಒಗೆದು ಒಗೆದು ಮಾಸಿದ ಸೀರೆಯಂತೆ ಬೂದಿ ಬಣ್ಣ. ಎತ್ತಿಬಿಡಲೆಂದು ನಾನು ಹರವಿಗೆ ಕೈ ಹಾಕಹೋದೆ. ಮುದಲಾಳಿ ಹರವಿಯ ಬಾಯಿಗೆ ಒದ್ದೆ ಬಟ್ಟೆ ಮುಚ್ಚಿ ಸುಮ್ಮನೆ ಇರಿ ಎಂದು ಸನ್ನೆ ಮಾಡಿದರು. ನಾವಿಬ್ಬರೂ ಪಾಳಿಯ ಮೇಲೆ ಬಟ್ಟೆಯ ಅಂಚು ಸರಿಸಿ ನೀರು ಸುರಿದೆವು. ಮರುದಿನ ಬಟ್ಟೆ ತೆಗೆದಾಗ ಮೂರೂ ಎಲೆ ಅಡಿಕೆ ಹಾಕಿಕೊಂಡು ನಿಂತಿದ್ದವು. ಮುದಲಾಳಿ ಎರಡೂ ಹರವಿಗೆ ತಾವೇ ಆರಿಸಿ ಮೀನು ಬಿಟ್ಟರು. ಒಂದು ರಾಯರಿಗೆ, ಇನ್ನೊಂದು ನನಗೆ.

ರೈಲಿನಲ್ಲಿ

ಬರುವಾಗಿನ ಹಾದಿಯಲ್ಲಿ, ಹಡಗಿನಲ್ಲೂ ರೈಲಿನಲ್ಲೂ, ನಾನು ಕಂಡದ್ದು ಹರವಿಯ ಬಾಯಿ ಮಾತ್ರ. ಸಿಂಬೆಯ ಮೇಲೆ ಹರವಿ, ಹರವಿಯ ಪಕ್ಕ ನಾವು. ಸುರಿಯುವುದು ಒಂದು ಗಳಿಗೆ ನಿಲ್ಲುವ ಹಾಗಿಲ್ಲ. ನಮ್ಮವರು ಒಮ್ಮೆ ಮರುಕ ಬಂದು ಅನ್ನದ ಅಗುಳು ಹಾಕಲು ಹೋದರು, ಕೈ ಮೇಲೆ ಹೊಡೆದೆ. ಉಪವಾಸ ಮೀನು ಸಾಯುವುದಿಲ್ಲ, ಕೊಳೆತ ನೀರಿನಲ್ಲಿ ಸಾಯುತ್ತದೆ.

ಮದ್ರಾಸು ಬಿಟ್ಟ ಮೇಲೆ ನನ್ನ ತೋಳು ಮೇಲೇಳದಾಯಿತು. ಎದುರಿಗೆ ಕುಳಿತಿದ್ದ ಮುದುಕಿ, ತಲೆ ಬೋಳಿಸಿಕೊಂಡ ಮಡಿಯ ಹೆಂಗಸು, ಮೊದಲು ಮೀನೆಂದು ಮೂಲೆಗೆ ಸರಿದಿದ್ದವರು, ಬಹಳ ಹೊತ್ತು ನೋಡಿ ನೋಡಿ ಕಡೆಗೆ ಕೈ ಚಾಚಿ ತಂಬಿಗೆ ಇಸಿದುಕೊಂಡರು. ಆಮೇಲೆ ಒಬ್ಬ ಸಿಪಾಯಿ, ಒಬ್ಬ ಬಳೆಗಾರ, ಗುಂಟಕಲ್ಲಿನಲ್ಲಿ ಹತ್ತಿದ ಒಬ್ಬ ಮಾಸ್ತರು. ಇಳಿಯುವವರು ತಂಬಿಗೆಯನ್ನು ಹತ್ತುವವರ ಕೈಗೆ ಕೊಟ್ಟು ಎತ್ತರ ಎಷ್ಟಿರಬೇಕೆಂದು ತೋರಿಸಿ ಇಳಿಯುತ್ತಿದ್ದರು. ಯಾರ ಭಾಷೆ ಯಾರಿಗೂ ತಿಳಿಯದು. ನಾನು ಕುಳಿತಲ್ಲೇ ತೂಕಡಿಸಿದೆ.

ರಾಯಚೂರು

ನಮ್ಮ ಸೀಮೆಗೆ ಕಾಲಿಟ್ಟ ಕೂಡಲೇ ಕರೋಡಗಿರಿಯವರು, ಅಂದರೆ ನಿಜಾಮರ ಸುಂಕದವರು, ತಡೆದರು. ಹೊರಗಿನಿಂದ ಬಂದ ಸರಕಿಗೆಲ್ಲ ಸುಂಕ ಉಂಟು. ಜಮಾದಾರ ಹರವಿಯಲ್ಲಿ ಇಣುಕಿ, ಇದು ತಿನ್ನುವ ಸರಕೋ ತೋರಿಸುವ ಸರಕೋ ಎಂದು ಉರ್ದುವಿನಲ್ಲಿ ಕೇಳಿದ. ತಿನ್ನುವುದಲ್ಲ ಅಂದೆ. ಹಾಗಾದರೆ ಆಟದ ಸಾಮಾನೇ ಎಂದ. ಅವನು ತನ್ನ ಮೇಲಿನವನನ್ನು ಕರೆದ, ಆತ ಇನ್ನೊಬ್ಬನನ್ನು ಕರೆದ. ಅಷ್ಟರಲ್ಲಿ ಬಿಸಿಲು ಹರವಿಯ ಮೇಲೆ ಬಂತು. ನಾನು ಅವರ ಮಾತು ನಡುವೆಯೇ ತಡೆದು, ವಿಚಾರ ನೆರಳಿನಲ್ಲಿ ಮಾಡಿರಿ ಎಂದು ಜಮಾದಾರನ ಕೈಯಲ್ಲೇ ಒಂದು ಹರವಿ ಹೊರಿಸಿದೆ. ಹೊತ್ತವನು ಇಳಿಸಿದ ಮೇಲೆ ತಂಬಿಗೆಯನ್ನೂ ತಾನೇ ಹಿಡಿದ. ಮೇಲಿನವನು ಅದನ್ನು ನೋಡಿ, ಇವು ಇಲ್ಲೇ ಸತ್ತರೆ ನಮ್ಮ ತಲೆಗೆ ಬರುತ್ತದೆ, ಮೊದಲು ಕಳಿಸು ಎಂದ. ನಾನೂ ಅದನ್ನೇ ಹೇಳುತ್ತಿದ್ದೆ.

ಶಹಾಪುರ

ಭೀಮೆ ದಾಟಿ ಶಹಾಪುರ ಮುಟ್ಟುವಾಗ ನಮ್ಮಿಬ್ಬರ ಮುಖವೂ ಮೀನಿನ ಬಣ್ಣವೂ ಒಂದೇ ಆಗಿದ್ದವು. ರಾಯರು ಪಡಸಾಲೆಯಲ್ಲಿ ಗಾಜಿನ ಪೆಟ್ಟಿಗೆ ತೊಳೆಸಿ ಕಾದಿದ್ದರು. ನಾಲ್ಕು ಮಂದಿ ಸ್ನೇಹಿತರನ್ನೂ ಕರೆದಿದ್ದರು. ಹೊಸ ನೀರನ್ನು ಸ್ವಲ್ಪ ಸ್ವಲ್ಪವೇ ಕೂಡಿಸಿ ಮೀನನ್ನು ಒಳಗೆ ಬಿಟ್ಟೆ. ಎಲ್ಲವೂ ಮೂಲೆಯಲ್ಲಿ ಗುಂಪಾಗಿ ನಿಂತವು. ಬೂದಿ ಬಣ್ಣದ, ಕಿರುಬೆರಳುದ್ದದ ಮೀನು.

ರಾಯರು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ಸ್ನೇಹಿತರಲ್ಲಿ ಒಬ್ಬರು ಕೆಮ್ಮಿದರು.

“ಭೀಮವ್ವ, ಇಂಥಾವು ನಮ್ಮ ಹಳ್ಳದಾಗ ಸಿಗ್ತಾವಲ್ಲ. ಹುಡುಗರು ಟಾವೆಲ್ಲಿನಾಗ ಹಿಡೀತಾರ. ಇದಕ್ಕ ನೀ ಸಮುದ್ರ ದಾಟಿದ್ಯಾ?”

ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು. ಕೊಲಂಬೊದಲ್ಲಿ ಬಣ್ಣ ಒಂದೇ ದಿನದಲ್ಲಿ ತಿರುಗಿ ಬಂದದ್ದು ಅಲ್ಲಿಯ ನೀರಿನಲ್ಲಿ. ಇದು ಶಹಾಪುರದ ಬಾವಿಯ ನೀರು. ಬರದೇ ಹೋದರೆ ನಾನು ಸತ್ತ ಮೀನಿನವಳಾಗಿ ಬೇವಿನ ಮರದ ಕೆಳಗೇ ಮುದುಕಿಯಾಗಬೇಕು. ಆದರೆ ಹೆದರಿಕೆ ಗಿರಾಕಿಗೆ ಕಾಣಬಾರದು ಎಂಬುದು ಬುಟ್ಟಿ ಇಟ್ಟ ಮೊದಲ ದಿನವೇ ಕಲಿತ ಪಾಠ.

“ರಾಯರ, ಹಾದಿ ನಡದು ಬಂದ ಹೆಣ್ಮಗಳನ್ನ ಬಾಗಲಾಗ ನಿಲ್ಲಿಸಿ ರೂಪ ನೋಡ್ತಾರೇನ್ರಿ?” ಅಂದೆ. “ಜೀವಂತ ತಾ ಅಂದ್ರಿ, ತಂದೀನಿ. ನಾಳಿ ಊಟ ಆದ ಮ್ಯಾಲ ಬರ್ರಿ. ಅಲ್ಲೀತನ ಯಾರೂ ಈ ಕಡಿ ಹಾಯಬ್ಯಾಡ್ರ್ಯಪ್ಪ.”

ಸ್ನೇಹಿತರು ನಕ್ಕರು. ರಾಯರು ನಗಲಿಲ್ಲ, ಎದ್ದು ಹೋದರು. ನಾನು ಅವರ ಮನೆಯವರಿಂದ ಒಂದು ಕರಿ ಕಂಬಳಿ ಬೇಡಿ ಪೆಟ್ಟಿಗೆಯ ನಾಲ್ಕೂ ಕಡೆ ಹೊದಿಸಿದೆ. ಒಡೆದ ಕುಡಿಕೆಯ ಚೂರು ಒಳಗಿಟ್ಟೆ. ಪಡಸಾಲೆಯಲ್ಲಿ ಮನೆಯ ಹೆಂಗಸರು ಕಾಲ ಸಪ್ಪಳ ಮಾಡದೆ ಓಡಾಡಿದರು. ಬಾಣಂತಿಯ ಕೋಣೆಗೂ ಆ ಮನೆಯಲ್ಲಿ ಅಷ್ಟು ಮರ್ಯಾದೆ ಸಿಕ್ಕಿರಲಿಕ್ಕಿಲ್ಲ.

ಮರುದಿನ ಊಟದ ಮೇಲೆ ಕಂಬಳಿಯ ಮುಂದಿನ ಮಡಿಕೆ ಎತ್ತಿದೆ. ಕುಡಿಕೆಯ ಚೂರಿನ ಬಾಯಲ್ಲಿ ಒಂದು ನಿಂತಿತ್ತು. ಹಿಂದೆ ಮಸಿ, ಮುಂದೆ ಕೆಂಪು. ಅದರ ಹಿಂದಿನಿಂದ ಇನ್ನೊಂದು ಅದನ್ನು ಅಟ್ಟಿಕೊಂಡು ಹೊರಗೆ ಬಂತು. ರಾಯರು ನೆಲದ ಮೇಲೆ ಕುಳಿತುಬಿಟ್ಟರು. ಆಮೇಲೆ ಒಳಗೆ ಹೋಗಿ ಮಳಿಗೆಯ ಕೀಲಿ ತಂದು ನನ್ನ ಕೈಗೆ ಹಾಕಿದರು. ನನಗೆ ಅಳು ಬಂತು, ನಮ್ಮವರು ನೋಡದಂತೆ ಸೆರಗಿನಿಂದ ಒರೆಸಿಕೊಂಡೆ. ಅವರು ನೋಡಿದ್ದರು.

ಸ್ಟೇಷನ್ ರಸ್ತೆ

ಮಳಿಗೆಗೆ ಸುಣ್ಣ ಬಳಿದೆವು. ಸೋಡಾ ಅಂಗಡಿಯವನಿಂದ ದೊಡ್ಡ ಗಾಜಿನ ಬರಣಿಗಳನ್ನು ತಂದು, ಎರಡನೆಯ ಹರವಿಯ ಮೀನನ್ನು ಅವುಗಳಲ್ಲಿ ಹಂಚಿದೆ. ಪ್ರತಿ ಬರಣಿಗೂ ಬೇರೆ ಬಲೆ. ಅರಿವೆ ಅಂಗಡಿಯವನು ಬಾಗಿಲಲ್ಲಿ ನಿಂತು ಮೂಗು ಅರಳಿಸಿದ. ಒಳಗೆ ಬಂದು ಬೇಕಾದಷ್ಟು ಮೂಸು ಎಂದೆ. ಅವನು ಎಲ್ಲ ಬರಣಿಗಳ ಮುಂದೆಯೂ ಬಗ್ಗಿ ಬಂದ, ದೂರಲು ಏನೂ ಸಿಗದೆ ಹೋದ.

ಮೊದಲ ದಿನ ಜಾತ್ರೆಯಂತೆ ಜನ ಬಂದರು. ರೈಲಿಗೆ ಕಾಯುವವರು, ಹತ್ತಿ ಗಿರಣಿಯ ಮುನೀಮರು, ಸುರಪುರದಿಂದ ಕೋರ್ಟಿನ ಕೆಲಸಕ್ಕೆ ಬಂದವರು. ನೋಡಿದರು, ನಕ್ಕರು, ಕೊಳ್ಳುತ್ತೇವೆ ಅಂದವರು ಮನೆಯಲ್ಲಿ ಕೇಳಿ ಬರುತ್ತೇವೆ ಎಂದು ಹೋದರು. ಒಬ್ಬರೂ ಕೊಳ್ಳಲಿಲ್ಲ. ಹೊತ್ತು ಇಳಿಯತೊಡಗಿತು. ಬಿಸಿಲು ಎದುರಿನ ಗೋಡೆ ಹತ್ತಿದ್ದು ಕಂಡು ನಾನು ಅಭ್ಯಾಸಬಲದಿಂದ ಎದ್ದು ನಿಂತೆ.

ಹೊಳೆಮೀನು ಮಾರುವವಳಿಗೆ ಅದು ದಿನದ ಕೆಟ್ಟ ಹೊತ್ತು. ಮೀನಿನ ಕಣ್ಣು ಮಸುಕಾಗುತ್ತದೆ, ಅವಳ ದನಿ ಏರುತ್ತದೆ, ಬೆಲೆ ಇಳಿಯುತ್ತದೆ. ಬೇಕೆಂದೇ ಆ ಹೊತ್ತಿಗೆ ಬರುವ ಗಿರಾಕಿಗಳಿರುತ್ತಾರೆ. ಅವರು ಬುಟ್ಟಿಯ ಮುಂದೆ ನಿಂತು ಆಕಾಶ ನೋಡುತ್ತಾರೆ, ಇವಳು ಕೈ ಮುಗಿಯುವುದನ್ನು ಕಾಯುತ್ತಾರೆ. ನಮ್ಮ ಅವ್ವನೂ ಹಾಗೆ ಕೈ ಮುಗಿದಳು, ನಾನೂ ಮುಗಿದೆ. ಉಳಿದದ್ದನ್ನು ಮನೆಗೆ ಒಯ್ದರೆ ನಾಳೆ ನಾಯಿಯೂ ಮೂಸುವುದಿಲ್ಲ.

ದೀಪ ಹಚ್ಚುವ ಹೊತ್ತಿಗೆ ನಮ್ಮವರು ಹೊಳೆಯಿಂದ ಬಂದರು. ನನ್ನ ಮುಖ ನೋಡಿ, ಅಳುಕುತ್ತ, ಎಷ್ಟು ಹೋದವು ಎಂದು ಕೇಳಿದರು. ನಾನು ಬರಣಿಗಳ ಮೇಲೆ ಒಂದೊಂದಾಗಿ ಬಟ್ಟೆ ಮುಚ್ಚಿ, ಹೊರಗೆ ಬಂದು, ಬಾಗಿಲು ಎಳೆದುಕೊಂಡೆ.

“ಒಂದೂ ಹೋಗಿಲ್ಲರಿ,” ಅಂದೆ. “ಎಲ್ಲಾ ನಾಳಿಗೂ ಅದಾವ.”